ಐದು ವೋಲ್ಟಿನಾಚೆ

ಕೊಲ್ಹಾಪುರದಿಂದ ಟರ್ಬೊ ಬಂದದ್ದು
ಬೆಲ್ಲದ ಪೆಟ್ಟಿಗೆಯಲ್ಲಿ, ಹಳೇ ಬನಿಯನ್ನು ಸುತ್ತಿಕೊಂಡು.
ಮೊದಲಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡ ಬಾಯಿ.
ಕೂಡಿಸುವುದೇನೂ ಕಷ್ಟವಾಗಲಿಲ್ಲ.
ಫ್ಲ್ಯಾಂಜಿನ ಪ್ಯಾಟರ್ನು ನಾನೇ ಕೆತ್ತಿದೆ, ಸಾಗವಾನಿಯಲ್ಲಿ;
ಉದ್ಯಮಬಾಗದ ನಮ್ಮ ಫೌಂಡ್ರಿಯಲ್ಲೇ ಎರಕ ಹೊಯ್ದು
ಆರುವ ಮೊದಲೇ ಮರಳು ಒಡೆದು ಬೈಸಿಕೊಂಡೆ.

ಕಷ್ಟ ಬಂದದ್ದು ಆಮೇಲೆ.
ಗಾಡಿಯ ಮಿದುಳು
ಹದಿನೆಂಟು ವರ್ಷದ ಹಿಂದೆ ಯಾವುದೋ ಚಳಿ ದೇಶದಲ್ಲಿ ಲೆಕ್ಕ ಕಲಿತದ್ದು,
ಗಾಳಿಯನ್ನು ವೋಲ್ಟಿನಲ್ಲಿ ಎಣಿಸುತ್ತದೆ, ಐದರವರೆಗೆ.
ಐದರಾಚೆ ಗಾಳಿ ಎಂಬುದೇ ಅದಕ್ಕಿಲ್ಲ.
ಟರ್ಬೊ ಊದುತ್ತದೆ, ಇನ್ನೂ ಊದುತ್ತದೆ,
ಅದು ಐದು, ಐದು, ಐದು ಎನ್ನುತ್ತ
ಅಷ್ಟಕ್ಕೇ ಪೆಟ್ರೋಲು ಅಳೆದು ಹಾಕುತ್ತದೆ,
ಪಂಕ್ತಿ ಎರಡಾದರೂ
ಅದೇ ಸೇರಿನಲ್ಲಿ ಅಕ್ಕಿ ಹೊಯ್ಯುವ ಅಡುಗೆಯವನಂತೆ.

"ಬೋಲ್ಟ್ ತಪ್ಪಿದರ ಬಿಚ್ಚಬಹುದ್ರಿ ಹುದ್ದಾರ,
ಬುದ್ಧಿ ತಪ್ಪಿದರ ಪಿಸ್ಟನ್ನ ಹೋಗತೈತಿ,"
ಅಂದ ಇಸ್ಮಾಯಿಲ್ ಸನದಿ,
ಬ್ಲಾಕಿಗೆ ಸ್ಕ್ರೂಡ್ರೈವರ್ ಹಚ್ಚಿ, ಹಿಡಿಕೆಗೆ ಕಿವಿ ಕೊಟ್ಟು.

ಮೊದಲು ತೋರಿಸಿದ್ದು ಅಂಗೈಯಗಲದ ಪೆಟ್ಟಿಗೆ.
ಸೆನ್ಸರಿಗೂ ಮಿದುಳಿಗೂ ನಡುವೆ ಕೂತು
ನಾಲ್ಕನ್ನು ಮೂರೆಂದು ಹೇಳುತ್ತದೆ.
ಅಗ್ಗ. ಅರ್ಧ ದಿನದ ಕೆಲಸ.
ಆದರೆ ಗಾಳಿ ಕಡಿಮೆಯೆಂದು ನಂಬಿದ ಮಿದುಳು
ಕಿಡಿಯನ್ನು ಬೇಗ ಹೊಡೆಯುತ್ತದೆ,
ಅದನ್ನು ಮುಚ್ಚಲು ಇನ್ನೊಂದು ಸುಳ್ಳು ಬೇಕು.
ಮದುವೆ ಕುದುರಿಸುವ ದಲ್ಲಾಳಿಗಳನ್ನು ಕಂಡವನು ನಾನು;
ಬೇಡವೆಂದೆ.

ಎರಡನೆಯದು, ಇದೇ ಮಿದುಳನ್ನು ತಿದ್ದಿ ಬರೆಸುವುದು.
ಪುಣೆಯಲ್ಲೊಬ್ಬನಿದ್ದಾನೆ, ಕೆಲಸ ಚೊಕ್ಕ,
ಫೈಲು ಕಳಿಸುತ್ತಾನೆ, ಬೀಗ ಹಾಕಿ.
ತೆರೆಯಬೇಕೆಂದರೆ ಮತ್ತೆ ಅವನಿಗೇ ಫೋನು.
ಅವನು ನಮ್ಮ ಬಂಕಿನ ಪೆಟ್ರೋಲು ಸುಟ್ಟವನಲ್ಲ,
ಚೋರ್ಲಾ ಘಾಟಿನಲ್ಲಿ ಎರಡನೇ ಗೇರಿಗೆ ಎಳೆದವನಲ್ಲ.

ಮೂರನೆಯದು ಖಾಲಿ.
ತೃಪ್ತಿ ಬಿರ್ಜೆ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದಳು,
ಪಾಲಿಟೆಕ್ನಿಕ್ ಮುಗಿಸಿ ಎರಡು ವರ್ಷ, ಉಗುರಿನಲ್ಲಿ ಇನ್ನೂ ಗ್ರೀಸು.
ಅಡ್ಡ ಹದಿನಾರು, ಉದ್ದ ಹದಿನಾರು ಮನೆ.
"ಒಂದೊಂದೂ ನಾವ ತುಂಬಬೇಕ್ರಿ. ತಪ್ಪಾದರ ನಮ್ಮದ."
ಬೆಲೆ ಕೇಳಿ ನಾನು ಚಹಾ ತರಿಸಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಪ್ಯಾಟರ್ನುಗಳೇ ಕಣ್ಣೆದುರು.
ಕಬ್ಬಿಣ ಆರುವಾಗ ಕುಗ್ಗುತ್ತದೆ,
ಅದಕ್ಕೇ ಕಟ್ಟಿಗೆಯನ್ನು ಕೂದಲೆಳೆ ಹೆಚ್ಚು ಕೆತ್ತುತ್ತೇವೆ,
ಎಷ್ಟು ಹೆಚ್ಚೆಂಬುದು ಆಯಾ ಕುಲುಮೆಗೆ ಗೊತ್ತು.
ಪರರ ಪ್ಯಾಟರ್ನಿಗೆ ನಮ್ಮ ಕಬ್ಬಿಣ ಹೊಯ್ದರೆ
ಅಳತೆ ಅವರದು, ಬಿರುಕು ನಮ್ಮದು.

ಬೆಳಿಗ್ಗೆ ಹಣ ಕಟ್ಟಿದೆ.

ಹಳೆಯದನ್ನು ಎಸೆಯಲಿಲ್ಲ.
ಅದೀಗ ಸ್ಪೀಡಿನ ಮುಳ್ಳು ನೋಡಿಕೊಳ್ಳುತ್ತದೆ, ಏಸಿ,
ಬಾಗಿಲು ತೆರೆದರೆ ಕುಂಯ್ ಎನ್ನುವುದು.
ಎಂಜಿನ್ನಿನ ಸುದ್ದಿಗೆ ಬರುವುದಿಲ್ಲ.

ನಸುಕಿನ ಐದಕ್ಕೆ ಖಾನಾಪುರ ರಸ್ತೆ.
ನಾನು ಒತ್ತುತ್ತೇನೆ, ತೃಪ್ತಿ ಗೆರೆ ನೋಡುತ್ತಾಳೆ,
ಹಿಂದಿನ ಸೀಟಿನಲ್ಲಿ ಸನದಿ ಕಣ್ಣು ಮುಚ್ಚಿದ್ದಾನೆ.
ಡಬ್ಬಿಯಲ್ಲಿ ಹರಳು ಅಲುಗಿದಂಥ ಸಪ್ಪಳ,
ನನಗೆ ಕೇಳಿಸಲೇ ಇಲ್ಲ.
ಇಬ್ಬರೂ ಒಟ್ಟಿಗೆ ಕೂಗಿದರು: "ಬಿಡ್ರಿ!"
ಒಬ್ಬಳು ಪರದೆ ನೋಡಿ, ಒಬ್ಬ ಬರಿಗಿವಿಯಿಂದ.
ಆಮೇಲೆ ಯಾರು ಮೊದಲು ಅಂದದ್ದೆಂದು
ಮಚ್ಛೆಯವರೆಗೂ ಜಗಳ.

ಡಿಸೆಂಬರಿನ ಒಂದು ಬೆಳಿಗ್ಗೆ ಗಾಡಿ ಏಳಲೇ ಇಲ್ಲ.
ತಿರುಗಿತು, ಕೆಮ್ಮಿತು, ಸುಮ್ಮನಾಯಿತು.
ಚಳಿಯ ಸಾಲನ್ನು ತುಂಬಿರಲಿಲ್ಲ ನಾವು,
ಸೆಖೆಯಲ್ಲಿ ಶುರು ಮಾಡಿದವರು.
ತೃಪ್ತಿ ಶಾಲು ಹೊದ್ದೇ ಬಂದು, ಆಕಳಿಸಿ,
ಒಂದು ಅಂಕಿ ಅಂದಾಜಿಗೆ ಬಡಿದಳು. ಬಿತ್ತು ಕಿಡಿ.
ಆ ಅಂಕಿಯನ್ನು ಇನ್ನೂ ತಿದ್ದಿಲ್ಲ.

ಬಲತುದಿಯ ಮೇಲಿನ ಮೂರು ಮನೆಗಳಲ್ಲಿ
ಪಕ್ಕದ ಮನೆಯದನ್ನೇ ನಕಲು ಮಾಡಿಟ್ಟಿದ್ದೇವೆ.
ಅಲ್ಲಿಯವರೆಗೆ ಹೋಗಿಲ್ಲ.
ಸನದಿ ಕೇಳುತ್ತಾನೆ, ಯಾವಾಗ್ರಿ?
ನಾನು ಆಯಿಲ್ ಕಡ್ಡಿ ಎಳೆದು, ಒರೆಸಿ,
ಮತ್ತೆ ಅದ್ದಿ ನೋಡುತ್ತೇನೆ.